ಎಡಗನ್ನಡಿ ಇಲ್ಲದ ಲಾರಿ

ನಮ್ಮತ್ತೆಯವರ ಪಾಲಿಗೆ ಈ ಭೂಮಿಗೆ ಇರುವುದು ಒಂದೇ ಮಗ್ಗುಲು, ಅದು ಎಡಗಡೆ. ಬಲಗಡೆ ಎಂಬುದೊಂದು ಇದೆಯೆಂದು ಯಾರಾದರೂ ಹೇಳಿದ್ದನ್ನು ಅವರು ಕೇಳಿರಬಹುದು. ಆದರೆ ಹೋಗಿ ನೋಡಿಬರುವಷ್ಟು ಆಸಕ್ತಿ ಅವರಿಗೆ ಎಂದೂ ಬಂದದ್ದಿಲ್ಲ. ಕರಜಗಿಯ ನಮ್ಮ ಓಣಿಗೆ ಹೊಸಬರು ಬಂದು ಯಾರದಾದರೂ ಮನೆ ಕೇಳಿದರೆ, "ಎಡಕ್ಕ ಹೋಗ್ರಿ, ಮತ್ತ ಎಡಕ್ಕ ಹೊಳ್ಳ್ರಿ, ಮತ್ತ ಎಡಕ್ಕ" ಎಂದು ಹೇಳಿ ಕಳಿಸುತ್ತಾರೆ. ಆ ಪುಣ್ಯಾತ್ಮ ಓಣಿಯನ್ನೆಲ್ಲ ಒಂದು ಸುತ್ತು ಹಾಕಿ ಮತ್ತೆ ನಮ್ಮ ಕಟ್ಟೆಗೇ ಬಂದು ನಿಲ್ಲುತ್ತಾನೆ. ಆಗ ಅವನಿಗೆ ಚಹಾ ಕೊಟ್ಟು, "ಊರು ಹೊಸದು, ದಾರಿ ತಪ್ಪೂದೇರಿ" ಎಂದು ಸಮಾಧಾನ ಹೇಳುವವರೂ ಅವರೇ!

ಇದಕ್ಕೆಲ್ಲ ಕಾರಣ ನಮ್ಮ ಮನೆಯ ಲಾರಿ. ಮಾವ ಅದನ್ನು ನಡೆಸುತ್ತಿದ್ದರು. ರಾಶಿ ಮುಗಿದಾಗ ತೊಗರಿ, ನಡುವೆ ಕಲ್ಲು, ಸಿಮೆಂಟು, ಹಂಗಾಮು ಶುರುವಾದರೆ ಹವಳಗಾದ ಸಕ್ಕರೆ ಕಾರ್ಖಾನೆಗೆ ಕಬ್ಬು. ಎಲ್ಲರ ಲಾರಿಯಲ್ಲೂ ಡ್ರೈವರನ ಎಡಕ್ಕೆ ಕ್ಲೀನರ್ ಕೂಡುತ್ತಾನೆ. ನಮ್ಮ ಲಾರಿಯಲ್ಲಿ ಅತ್ತೆ ಕೂಡುತ್ತಿದ್ದರು. ಹಿಂದಿನಿಂದ ಬರುವ ಬಸ್ಸು, ಪಕ್ಕದಲ್ಲಿ ನುಸುಳುವ ಮೋಟರ್ ಸೈಕಲ್ಲು, ರಸ್ತೆಯಂಚಿನ ತಗ್ಗು, ಎಲ್ಲವನ್ನೂ ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿ, ಬಾಗಿಲಿನ ತಗಡಿಗೆ ಅಂಗೈಯಿಂದ ಏಟು ಹಾಕುವುದು ಅವರ ಕೆಲಸ. ಒಂದು ಏಟಿಗೆ ಗಾಡಿ ನಿಲ್ಲಬೇಕು, ಎರಡು ಏಟಿಗೆ ಹೊರಡಬೇಕು. "ಹೆಂಡ್ತೀನ ಕ್ಲೀನರ್ ಮಾಡ್ಕೊಂಡಾನ" ಎಂದು ಊರಿನವರು ನಗುತ್ತಿದ್ದರಂತೆ. ಮಾವ ಉತ್ತರ ಕೊಡುತ್ತಿರಲಿಲ್ಲ. ಅತ್ತೆ ಕೊಡುತ್ತಿದ್ದರು, ಅದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಲಾರಿಯ ಈ ಭಾಷೆ ಲಾರಿಯಲ್ಲಿಯೇ ಇದ್ದಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ಅತ್ತೆ ಅದನ್ನು ಮನೆಗೆ ತಂದರು. ನಾನು ಹೊಸ ಸೊಸೆಯಾಗಿ ಬಂದ ದಿನ, ಹೊಸ್ತಿಲ ಮೇಲಿನ ಅಕ್ಕಿಯ ಸೇರನ್ನು ಒದೆಯಲು ಬಲಗಾಲು ಎತ್ತಿದ್ದೆ. ಬಾಗಿಲಿನ ಮೇಲೆ ಡಬ್ ಎಂದು ಒಂದು ಏಟು ಬಿತ್ತು. ನಾನು ಬೆಚ್ಚಿ, ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದು ನಿಂತೆ. "ಎಡಕ್ಕ ದಂಡಿ ತಾಗ್ತದ ಬೇ, ಜರಾ ಹಿಂದಕ ಬಾ" ಎಂದರು ಅತ್ತೆ. ನನ್ನ ಹಣೆಗೆ ಕಟ್ಟಿದ್ದ ಬಾಸಿಂಗ ಚೌಕಟ್ಟಿಗೆ ತಾಗುವುದರಲ್ಲಿತ್ತು. ನಾನು ಹಿಂದೆ ಸರಿದೆ. ನನ್ನ ಸೆರಗಿಗೆ ಗಂಟು ಬಿದ್ದಿದ್ದ ಗಂಡ ಹಿಂದೆ ಸರಿದರು. ಅವರ ಹಿಂದೆ ಕಳಸಗಿತ್ತಿ, ಅವಳ ಹಿಂದೆ ಬೀಗರು, ಬ್ಯಾಂಡಿನವರು. "ಬರ್ಲಿ, ಬರ್ಲಿ, ಬರ್ಲಿ... ಸಾಕು." ಇಡೀ ದಿಬ್ಬಣ ರಿವರ್ಸ್ ಹೋಗಿ ನಿಂತ ಮೇಲೆ ಬಾಗಿಲಿಗೆ ಎರಡು ಏಟು ಬಿತ್ತು. ನಾನು ಸೇರು ಒದ್ದು ಒಳಗೆ ಬಂದೆ. ಮಾದನಹಿಪ್ಪರಗಾದಿಂದ ಬಂದಿದ್ದ ನಮ್ಮವ್ವ ನನ್ನ ಕಿವಿಯಲ್ಲಿ, "ಇದು ಇವ್ರ ಮನಿತನದ ಪದ್ಧತಿ ಇರಬೇಕು, ಸುಮ್ನಿರು" ಎಂದಳು. ಪದ್ಧತಿಯಂತೆ!

ಮರುದಿನ ತಲೆ ಬಾಚಿಕೊಳ್ಳಲು ಕನ್ನಡಿ ಎಲ್ಲಿ ಎಂದು ಕೇಳಿದೆ. ಪಡಸಾಲೆಯ ಗೋಡೆಗೆ ಒಂದು ಉದ್ದನೆಯ ಕರಿ ಚೌಕಟ್ಟಿನ ಕನ್ನಡಿ ತೂಗುಹಾಕಿದ್ದರು. ನೋಡಿಕೊಂಡರೆ ನನ್ನ ಮೂಗು ಬದನೆಕಾಯಿಯಷ್ಟು, ಕಿವಿಗಳು ಎಲ್ಲೋ ದೂರದಲ್ಲಿ. ನನ್ನ ಹಿಂದೆ ಇಡೀ ಮನೆ, ಮನೆಯ ಹಿಂದೆ ಅಂಗಳ, ಅಂಗಳದಲ್ಲಿ ಮೆಲುಕು ಹಾಕುತ್ತಿದ್ದ ಎಮ್ಮೆ ಕೂಡ ಕಾಣುತ್ತಿತ್ತು. ಅದು ಲಾರಿಯ ಎಡಗನ್ನಡಿ ಎಂದು ಗೊತ್ತಾದದ್ದು ಆಮೇಲೆ. ಲಾರಿಗೆ ಬಲಗಡೆಯ ಕನ್ನಡಿ ಮಾತ್ರ ಇತ್ತು. ಎಡಗಡೆಯದು ವರ್ಷವೆಲ್ಲ ಗೋಡೆಯ ಮೇಲಿರುತ್ತಿತ್ತು. ಲಾರಿಯನ್ನು ಪಾಸಿಂಗಿಗೆ, ಎಂದರೆ ವರ್ಷದ ತಪಾಸಣೆಗೆ ಒಯ್ಯುವ ದಿನ ಮಾತ್ರ ಅದನ್ನು ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿ ಒಯ್ದು, ಲಾರಿಗೆ ಬಿಗಿದು, ಕೆಲಸ ಮುಗಿದ ಮೇಲೆ ಬಿಚ್ಚಿ ತಂದು ಮತ್ತೆ ಗೋಡೆಗೆ ಹಾಕುತ್ತಿದ್ದರು. ಮೂರು ಚಕ್ರದ ಆಟೋಕ್ಕೂ ಎರಡು ಕನ್ನಡಿ ಇರುತ್ತವೆ. ಇಷ್ಟು ದೊಡ್ಡ ಲಾರಿಗೆ ಒಂದು! ಕೇಳಿದ್ದಕ್ಕೆ ಅತ್ತೆ, "ಎಡಕ್ಕ ನಾ ಇರೂತನ ಕನ್ನಡಿ ಯಾತಕ್ಕ?" ಎಂದರು.

ಇನ್ನೊಂದು ಮಾತಿಗೆ ನನಗೆ ಆಗಲೇ ಸಿಟ್ಟು ಬಂದಿತ್ತು. ಮಾವ ಊಟಕ್ಕೆ ಕೂತಾಗ ನಾನು ಮಜ್ಜಿಗೆಯ ವಾಟಗವನ್ನು ತಾಟಿನ ಎಡಕ್ಕೆ ಇಟ್ಟರೆ ಮಾವ ಕೈ ತಾಗಿಸಿ ಚೆಲ್ಲುತ್ತಿದ್ದರು. ಅತ್ತೆಯ ಬೈಗುಳ ಮಾತ್ರ ನನಗೆ. "ಬಡಸೂದು ಗೊತ್ತಿಲ್ಲೇನು? ಬಲಕ್ಕ ಇಡು." ಮಜ್ಜಿಗೆ ಚೆಲ್ಲಿದವರು ಯಾರು, ಬೈಸಿಕೊಂಡವರು ಯಾರು? ನೀವೇ ಹೇಳಿ, ಇದು ನ್ಯಾಯವೇ? ಮಾವ ಮಾತ್ರ, "ಇರ್ಲಿ ಬಿಡು ಬೇ, ಚೆಲ್ಲಿದ್ರ ಚೆಲ್ಲಿತು" ಎಂದು ನಗುತ್ತಿದ್ದರು. ಒಳ್ಳೆಯ ಮನುಷ್ಯ. ಅದೇ ನಗುಮುಖದಲ್ಲಿಯೇ ಒಂದು ದಿನ ಎದೆನೋವೆಂದು ಮಲಗಿದವರು ಏಳಲಿಲ್ಲ.

ಅಲ್ಲಿಗೆ ಲಾರಿಗೆ ಡ್ರೈವರ್ ಇಲ್ಲದಂತಾಯಿತು. ಮಗನಿದ್ದಾನಲ್ಲ ಎನ್ನುತ್ತೀರಿ. ನನ್ನ ಗಂಡ ಜೇವರ್ಗಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಚಲನೆಯ ನಿಯಮಗಳೆಲ್ಲ ಬಾಯಿಪಾಠ. ಚಲಿಸುವುದು ಮಾತ್ರ ಹೆಂಡತಿಯ ಬೆನ್ನ ಹಿಂದೆ ಕೂತು. ಸ್ಟೇರಿಂಗ್ ಹಿಡಿದರೆ ಅವರ ಅಂಗೈ ಬೆವರುತ್ತದೆ. ಹಾಗಾಗಿಯೇ ನಾನು ಕಲಬುರಗಿಗೆ ಹೋಗಿ ಕಾರು ಕಲಿತು, ಲೈಸೆನ್ಸು ಮಾಡಿಸಿದ್ದೆ. ಮನೆಗೆ ಒಂದು ಸಣ್ಣ ಕಾರು ಬಂದಿತ್ತು. ಅದರಲ್ಲಿಯೂ ಅತ್ತೆಯ ಆಸನ ಮುಂದಿನ ಎಡಗಡೆಯದೇ. ಮಾಸ್ತರರು ತಮ್ಮ ಕಾರಿನಲ್ಲೇ ಹಿಂದಿನ ಸೀಟಿನಲ್ಲಿ ಸಂತೆಯ ಚೀಲಗಳ ಜೊತೆ ಕೂಡಬೇಕು. ಅಫಜಲಪುರದ ಬಸ್‌ಸ್ಟ್ಯಾಂಡ್ ಹತ್ತಿರ ಬಂದರೆ ಸಾಕು, ಅತ್ತೆಯ ಕೈ ಕಿಟಕಿಯ ಹೊರಗೆ ಹೋಗಿ ಡಬ್ ಡಬ್ ಶುರು. ಲಾರಿಯ ತಗಡು ಆ ಏಟು ತಡೆಯುತ್ತದೆ. ಕಾರಿನ ತಗಡು ಬಿಸ್ಕಿಟ್ ಡಬ್ಬಿಯದ್ದು. ಒಂದು ವರ್ಷದೊಳಗೆ ನನ್ನ ಕಾರಿನ ಎಡಬಾಗಿಲು ತಟ್ಟಿದ ರೊಟ್ಟಿಯ ಹಾಗಾಯಿತು. ರಿಪೇರಿಯವನು "ಯಾರರ ಗುದ್ದ್ಯಾರೇನ್ರಿ?" ಎಂದು ಕೇಳಿದಾಗ, "ಹೌದು, ಒಳಗಿಂದ" ಎಂದೆ.

ಲಾರಿಗೆ ಬಾಡಿಗೆ ಡ್ರೈವರುಗಳನ್ನು ಇಟ್ಟೆವು. ಬಂದವರು ಬಂದ ದಾರಿ ಹಿಡಿದು ಹೋದರು. ಯಾಕೆಂದರೆ ಅತ್ತೆ ಎಡಗಡೆಯ ಸೀಟು ಬಿಡಲಿಲ್ಲ. ಒಬ್ಬ ಫೋನಿನಲ್ಲಿ ಮಾತಾಡುತ್ತ ಗಾಡಿ ಹೊಡೆದನೆಂದು ನಡುದಾರಿಯಲ್ಲಿ ಇಳಿಸಿದರು. ಅದು ಸರಿ ಎನ್ನೋಣ. ಇನ್ನೊಬ್ಬ ಪಾಪ, "ಎಡಗನ್ನಡಿ ಎಲ್ರಿ ಅಮ್ಮಾ?" ಎಂದು ಕೇಳಿದ.

"ನಾ ಇದ್ದೇನಲ್ಲ" ಎಂದರು ಅತ್ತೆ.

"ನೀವು ಇದ್ದೀರ್ರಿ, ಆದ್ರ ನಾ ಇರಬೇಕಲ್ರಿ" ಎಂದವನು ಊಟ ಮಾಡಿ ಕೈ ತೊಳೆದು ಹೋದ.

ಕೊನೆಗೆ ಒಂದು ಶನಿವಾರ ಜೇವರ್ಗಿಯಿಂದ ಬಂದ ನನ್ನ ಗಂಡ ಕಟ್ಟೆಯ ಮೇಲೆ ಕೂತು ಮಾತು ತೆಗೆದರು. "ಯವ್ವಾ, ಲಾರಿ ನಿಂತು ನಿಂತು ತುಕ್ಕು ಹಿಡಿಲಾಕತ್ತದ. ನಡಸವ್ರು ಯಾರೂ ಇಲ್ಲ. ಈ ಹಂಗಾಮ ಬರೂದ್ರಾಗ ಮಾರಿಬಿಡೂಣು."

ಅತ್ತೆ ಅಂಗಳದಲ್ಲಿ ನಿಂತ ಲಾರಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಆ ನೋಟ ನನಗೆ ಸರಿ ಕಾಣಲಿಲ್ಲ.

"ಮನ್ಯಾಗ ಡ್ರೈವರ್ ಇರೂತನ ಮಾರೂದು ಯಾಕ?" ಎಂದರು.

"ನಂದು ಕಾರಿನ ಲೈಸೆನ್ಸ್ ರೀ ಅತ್ತಿ" ಎಂದೆ.

"ಕಾರಿಗೂ ಗಾಲಿ ಅದಾವ, ಲಾರಿಗೂ ಗಾಲಿ ಅದಾವ. ಇದಕ್ಕ ಎರಡು ಹೆಚ್ಚಿಗಿ."

ಎರಡು ಹೆಚ್ಚಿಗೆಯಂತೆ! ಗಂಡನ ಮುಖ ನೋಡಿದೆ, ಇದು ಆಗದ ಮಾತು ಎಂದು ಹೇಳಲಿ ಎಂದು. ಆ ಮಹಾನುಭಾವರು ಗಲ್ಲಕ್ಕೆ ಕೈ ಇಟ್ಟುಕೊಂಡು, "ತತ್ವ ಎರಡೂದರದ್ದೂ ಒಂದೇ" ಎಂದರು. ತತ್ವ ಒಂದೇ ಆದರೆ ತಾವೇ ಕಲಿಯಬೇಕಿತ್ತು.

ಕಲಿಸಲು ಆಳಂದದಿಂದ ಒಬ್ಬ ಉಸ್ತಾದರು ಬಂದರು. ಮಾವನ ಹಳೆಯ ಗೆಳೆಯರು, ಈಗ ಡ್ರೈವಿಂಗ್ ಸ್ಕೂಲಿನಲ್ಲಿ ಭಾರಿ ವಾಹನ ಕಲಿಸುವವರು, ಬಿಳಿ ಗಡ್ಡದ ತಾಳ್ಮೆಯ ಮನುಷ್ಯ. ಕಲಿಸುವವರು ಎಲ್ಲಿ ಕೂಡಬೇಕು? ಎಡಗಡೆಯ ಸೀಟಿನಲ್ಲಿ. ಅಲ್ಲಿ ಯಾರಿದ್ದಾರೆ? ಅತ್ತೆ. ಉಸ್ತಾದರು ಬಾಗಿಲು ತೆಗೆದು ನೋಡಿ, "ಅಕ್ಕಾ, ಜರಾ ಇಳೀತೀರೇನು" ಎಂದರು. ಅತ್ತೆ, "ನಡಕ ಬಾನೆಟ್ ಖಾಲಿ ಅದರಿ" ಎಂದರು. ಹಳೆಯ ಲಾರಿಗಳಲ್ಲಿ ಎರಡು ಸೀಟಿನ ನಡುವೆ ಇಂಜಿನ್ನಿನ ಮೇಲೆ ಒಂದು ತಗಡಿನ ಮುಚ್ಚಳ ಇರುತ್ತದೆ. ಅದೇ ಬಾನೆಟ್ಟು. ಎಪ್ರಿಲ್ ತಿಂಗಳ ಬಿಸಿಲು, ಕೆಳಗೆ ಕುದಿಯುವ ಇಂಜಿನ್ನು, ಮೇಲೆ ಉಸ್ತಾದರು. ಒಂದು ಕೌದಿಯನ್ನು ಮಡಚಿ ಹಾಕಿ ಕೊಟ್ಟೆವು. ಆದರೂ ಪಾಠ ನಡೆಯುವಾಗ ಅವರು ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಹೊರಳುತ್ತಲೇ ಇರುತ್ತಿದ್ದರು. "ರೊಟ್ಟಿ ಆದ್ರೂ ಎರಡೂ ಕಡೆ ಸುಟ್ಟ ಮ್ಯಾಲ ಹಂಚಿನಿಂದ ಇಳಸ್ತಾರ ಬೇಟಿ" ಎಂದು ಒಮ್ಮೆ ನನಗೆ ಮಾತ್ರ ಕೇಳುವಂತೆ ಹೇಳಿದರು.

ಇನ್ನು ಲಾರಿಯ ಮಾತು. ಕಾರು ಬರುವವರಿಗೆ ಲಾರಿ ಸಲೀಸು ಎಂದು ಯಾರಾದರೂ ನಿಮಗೆ ಹೇಳಿದರೆ ಅವರನ್ನು ಒಮ್ಮೆ ನನ್ನ ಹತ್ತಿರ ಕಳಿಸಿ. ಕಾರು ಕಲಿಯುವಾಗ ಹೇಳಿಕೊಟ್ಟದ್ದನ್ನೆಲ್ಲ ಮರೆತರೆ ಮಾತ್ರ ಲಾರಿ ಬರುತ್ತದೆ. ಕಾರಿನಲ್ಲಿ ಕೀಲಿ ತಿರುವಿದರೆ ಹೊರಟಿತು. ಲಾರಿಯಲ್ಲಿ ಕೀಲಿ ತಿರುವಿ, ಬ್ರೇಕಿಗೆ ಗಾಳಿ ತುಂಬುವ ತನಕ ಮುಳ್ಳನ್ನು ನೋಡುತ್ತ ಕೂಡಬೇಕು. ಆ ಹೊತ್ತಿನಲ್ಲಿ ಒಂದು ಒಗ್ಗರಣೆ ಹಾಕಿ ಬರಬಹುದು. ಕಾರಿನ ಕ್ಲಚ್ಚನ್ನು ಚಪ್ಪಲಿಯ ತುದಿಯಿಂದ ಒತ್ತುತ್ತಿದ್ದೆ. ಲಾರಿಯದಕ್ಕೆ ಸೀಟಿನಿಂದ ಅರ್ಧ ಎದ್ದು ನಿಲ್ಲಬೇಕು. ನಮ್ಮದು ಹಳೆಯ ಗಾಡಿ, ಸ್ಟೇರಿಂಗ್ ಒಂದೊಂದು ಸಲ ತಿರುವಿದಾಗಲೂ ಬೀಸುವ ಕಲ್ಲಿನ ನೆನಪು. ಮೊದಲ ವಾರ ನನ್ನ ತೋಳು ಹಿಟ್ಟು ನಾದಲು ಏಳಲಿಲ್ಲ. "ಸೊಸಿಗಿ ಡ್ರೈವರ್ ಕೆಲಸ ಸಿಕ್ಕದ, ರೊಟ್ಟಿ ನಾನೇ ಬಡೀತೇನಿ" ಎಂದು ಅತ್ತೆ ಬಹಳ ಉದಾರವಾಗಿ ಹೇಳಿದರು. ಸಿಕ್ಕದಂತೆ! ನಾನು ಅರ್ಜಿ ಹಾಕಿದ್ದೆನೇ?

ತಿರುವಿನದಂತೂ ಬೇರೆಯೇ ಕತೆ. ಕಾರಿಗೆ ಮುಂದೆ ಒಂದು ಮೂತಿ ಇರುತ್ತದೆ. ಮೂಲೆ ಬಂದ ಕೂಡಲೇ ತಿರುಗಿಸಿದರೆ ಕಾರು ತಿರುಗಿತು. ಲಾರಿಯಲ್ಲಿ ಮೂತಿಯೇ ಇಲ್ಲ, ನಾವೇ ಮೂತಿ. ಚಕ್ರ ನಮ್ಮ ಕೆಳಗೆ, ಉಳಿದ ಲಾರಿಯೆಲ್ಲ ಬೆನ್ನ ಹಿಂದೆ. ಮೂಲೆ ಬಂದರೂ ತಿರುಗಿಸಬಾರದು. ಮೂಲೆಯನ್ನು ದಾಟಿ, ಎದುರಿನ ಕಿರಾಣಿ ಅಂಗಡಿಯ ಶೇಂಗಾದ ಚೀಲ ಸ್ಪಷ್ಟ ಕಾಣುವ ತನಕ ಹೋಗಿ, ಅಂಗಡಿಯವನು ಎದ್ದು ನಿಂತ ಮೇಲೆ ತಿರುಗಿಸಬೇಕು. ನಾನು ಕಾರಿನ ಅಭ್ಯಾಸದಲ್ಲಿ ಮೊದಲೇ ತಿರುಗಿಸುತ್ತಿದ್ದೆ. ಹಿಂದಿನ ಚಕ್ರ ಮೂಲೆ ಹತ್ತುತ್ತಿತ್ತು. ನಮ್ಮ ಹೊಲದಲ್ಲಿ ತೊಗರಿ ಕಟ್ಟಿಗೆಯ ಬಣಿವೆಯನ್ನು ಮನೆ ಎಂದು, ಎತ್ತಿನ ಗಾಡಿಯನ್ನು ಅಂಗಡಿ ಎಂದು ಇಟ್ಟುಕೊಂಡು ಕಲಿತೆ. ಬೇಸಿಗೆ ಮುಗಿಯುವುದರೊಳಗೆ ಅಂಗಡಿ ಉಳಿಯಿತು, ಮನೆ ಉಳಿಯಲಿಲ್ಲ.

ಉಸ್ತಾದರು ಒಂದು ಹೇಳಿದರೆ ಅತ್ತೆಯದು ಇನ್ನೊಂದು. ಕ್ಲಚ್ಚು, ಗೇರು, ಬ್ರೇಕು ಇವುಗಳ ಸುದ್ದಿಯೇ ಅವರಿಗೆ ಬೇಡ. ಲಾರಿಯಲ್ಲಿ ಇಷ್ಟು ವರ್ಷ ಓಡಾಡಿದ ಆ ಹೆಂಗಸಿಗೆ ಬ್ರೇಕು ಯಾವುದು, ಎಕ್ಸಿಲೇಟರ್ ಯಾವುದು ಎಂದು ಇವತ್ತಿಗೂ ತಿಳಿದಿಲ್ಲ. ಎಡಗಡೆಯದು ಮಾತ್ರ ಹೇಳುತ್ತಲೇ ಇರುತ್ತಿದ್ದರು. "ಎಡಕ್ಕ ಕಲ್ಲು ಅದ. ಎಡಕ್ಕ ಬೇವಿನ ಟೊಂಗಿ ಅದ. ಎಡಕ್ಕ ನಾಯಿ ಮಲಗ್ಯದ, ಎದ್ದದ, ಹೊಂಟದ." ಒಮ್ಮೆ ಬಲಗಡೆ ಒಂದು ಟ್ರ್ಯಾಕ್ಟರ್ ಮೈಮೇಲೆ ಬಂದಷ್ಟು ಹತ್ತಿರ ಬಂದಿತ್ತು. ಉಸ್ತಾದರು "ಯಾ ಅಲ್ಲಾ" ಎಂದರು, ನಾನು ಕಣ್ಣು ಮುಚ್ಚಿದೆ. ಅತ್ತೆ ಶಾಂತವಾಗಿ, "ಎಡಕ್ಕ ಏನೂ ಇಲ್ಲ, ನಡಿ" ಎಂದು ಎರಡು ಏಟು ಹಾಕಿದರು.

ಇದನ್ನೆಲ್ಲ ನೋಡಲು ಹೊಲದ ಬದುವಿನ ಮೇಲೆ ಜನ. ಸೈಕಲ್ಲಿಗಿಂತ ದೊಡ್ಡದನ್ನು ನಡೆಸದವರೂ ಉಪದೇಶಕ್ಕೆ ಮುಂದೆ. "ಗೇರ್ ಬದಲ್ ಮಾಡವ್ವಾ." "ಹಾರ್ನ್ ಹೊಡಿಯವ್ವಾ." ಗಂಡಸರು ಇಂಜಿನ್ನು ಆರಿಸಿದರೆ "ಗಾಡಿ ಹಳೇದು". ನಾನು ಆರಿಸಿದರೆ "ಹೆಂಗಸ್ರ ಕೆಲಸ ಅಲ್ಲ ಬಿಡ್ರಿ". ಮೈ ಉರಿಯುತ್ತದೋ ಇಲ್ಲವೋ? ಒಂದು ದಿನ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾವಾಂವ ಅಂದಾಂವ, ಮ್ಯಾಲ ಹತ್ತಿ ಬಾರಲೇ. ಬಾನೆಟ್ ಮ್ಯಾಲ ಜಾಗ ಮಾಡಿಕೊಡ್ತೇನಿ" ಎಂದರು. ಉಸ್ತಾದರು ಬಹಳ ಆಸೆಯಿಂದ ಜನರ ಕಡೆ ನೋಡಿದರು. ಯಾರೂ ಬರಲಿಲ್ಲ.

ಮಳೆಗಾಲದ ಹೊತ್ತಿಗೆ ಲಾರಿ ನನ್ನ ಕೈಗೆ ಬಂತು. ಕಾರು ಕೈ ಬಿಟ್ಟಿತು! ಪಂಚಮಿಗೆ ತವರಿಗೆ ಕಾರಿನಲ್ಲಿ ಹೋದೆ, ಅತ್ತೆಯೂ ಇದ್ದರು. ಮಾದನಹಿಪ್ಪರಗಾದ ನಮ್ಮ ಓಣಿಯ ಮೂಲೆಯಲ್ಲಿ ಅಭ್ಯಾಸಬಲದಿಂದ ಮೂಲೆ ದಾಟಿ, ಇನ್ನೂ ಮುಂದೆ ಹೋಗಿ, ತಿರುಗಿಸುವಷ್ಟರಲ್ಲಿ ಕಾರು ಎದುರು ಮನೆಯವರ ಅಂಗಳದಲ್ಲಿತ್ತು. ಅವರು ಜೋಕಾಲಿ ಕಟ್ಟುತ್ತಿದ್ದರು. ನಮ್ಮವ್ವ ಓಡಿ ಬಂದು, "ಕಾರು ಸಣ್ಣದದ ಬೇ, ಮರ್ತೀಯೇನು?" ಎಂದಳು. ಅತ್ತೆ ಕೆಳಗಿಳಿಯಲಿಲ್ಲ. "ಬರ್ಲಿ, ಬರ್ಲಿ" ಎಂದು ಬಾಗಿಲು ಬಡಿದು ನನ್ನನ್ನು ಹಿಂದಕ್ಕೆ ತಂದರು. ಬಾಗಿಲಿನಲ್ಲಿ ಹೊಸದೊಂದು ತಗ್ಗು ಬಿತ್ತು.

ಕಲಬುರಗಿಯಲ್ಲಿ ಪರೀಕ್ಷೆ. ಉಸ್ತಾದರ ಸ್ಕೂಲಿನ ಲಾರಿ, ಅದಕ್ಕೆ ಎರಡೂ ಕನ್ನಡಿ. ಅತ್ತೆಯನ್ನು ಪರೀಕ್ಷೆಯ ಸಾಹೇಬರು ಲಾರಿ ಹತ್ತಗೊಡಲಿಲ್ಲ. ಅವರು ಬಯಲಿನ ಅಂಚಿಗೆ, ಹೇಳಬೇಕಿಲ್ಲ, ಎಡಗಡೆಗೇ ಹೋಗಿ ನಿಂತರು. ಬಡಿಯಲು ಬಾಗಿಲಿಲ್ಲ. ಕೈಯಲ್ಲಿ ಬುತ್ತಿಯ ಸ್ಟೀಲ್ ಡಬ್ಬಿ ಇತ್ತು. ನಾನು ರಿವರ್ಸ್ ತೆಗೆದುಕೊಳ್ಳುವಾಗ ಡಬ್ ಎಂದು ಒಂದು ಏಟು ಕೇಳಿತು, ನಿಲ್ಲಿಸಿದೆ. ಎರಡು ಏಟು ಕೇಳಿತು, ಹೊರಟೆ. ಸಾಹೇಬರು ಇನ್ನೂ ಬಾಯಿ ತೆರೆದೇ ಇರಲಿಲ್ಲ.

"ಯಾರ್ರೀ ಆ ಡಬ್ಬಿ ಬಡಿಯುವವರು?" ಎಂದು ಕೇಳಿದರು.

"ನಮ್ಮತ್ತಿರಿ."

"ಲೈಸೆನ್ಸ್ ಯಾರಿಗೆ ಬೇಕು, ನಿಮಗೋ ಅವರಿಗೋ?"

"ನನಗ ಬ್ಯಾಡ್ರಿ, ಅವ್ರಿಗೇ ಬೇಕಾಗೇದ" ಎಂದೆ. ಅದು ಖರೆಯೇ ಆಗಿತ್ತು. ಸಾಹೇಬರು ಡಬ್ಬಿಯನ್ನು ತಮ್ಮ ಮೇಜಿನ ಮೇಲೆ ಇಡಿಸಿ, ನನ್ನನ್ನು ಮೊದಲಿನಿಂದ ಇನ್ನೊಮ್ಮೆ ಹಿಂದೆ ಮುಂದೆ ಮಾಡಿಸಿದರು. ಪಾಸಾದೆ.

ಲಾರಿ ಮಾರುವ ಮಾತು ನಿಂತಿತು. ಅತ್ತೆ ಓಣಿಗೆಲ್ಲ ಸಕ್ಕರೆ ಹಂಚಿದರು. ಹಂಗಾಮು ಹತ್ತಿರ ಬಂತೆಂದು ಲಾರಿಯನ್ನು ಪಾಸಿಂಗಿಗೆ ಒಯ್ದೆವು. ಗೋಡೆಯ ಕನ್ನಡಿ ಇಳಕಲ್ ಸೀರೆಯಲ್ಲಿ ಸುತ್ತಿಕೊಂಡು ಬಂತು, ಲಾರಿಯ ಮೇಲೆ ಕೂತಿತು. ಪಾಸಿಂಗ್ ಆಯಿತು. ಮರುದಿನ ಬೆಳಿಗ್ಗೆ ನೋಡಿದರೆ ಕನ್ನಡಿ ಮತ್ತೆ ಗೋಡೆಯ ಮೇಲೆ!

ಈಗ ನನಗೆ ಬಂದ ಸಿಟ್ಟನ್ನು ನಾನು ಮುಚ್ಚಿಡುವುದಿಲ್ಲ. ಇಷ್ಟು ದಿನ ಸಹಿಸಿದ್ದೆ. ಕಬ್ಬು ತುಂಬಿದ ಲಾರಿ ಎಂದರೆ ಹುಡುಗಾಟವಲ್ಲ. ಅಗಲಕ್ಕೂ ಹೊರಗೆ ಚಾಚಿರುತ್ತದೆ, ಎತ್ತರಕ್ಕೂ ತೂಗುತ್ತಿರುತ್ತದೆ. ಬಲಗಡೆಯ ಕನ್ನಡಿಯೊಂದರಲ್ಲೇ ಅಫಜಲಪುರದ ರಸ್ತೆಗೆ ಇಳಿಯಲು ನನಗೇನು ಹುಚ್ಚೇ? ನಾನು ಕನ್ನಡಿ ತೆಗೆದುಕೊಂಡು ಹೋಗಿ ಲಾರಿಗೆ ಬಿಗಿದೆ. ಮಧ್ಯಾಹ್ನ ಅತ್ತೆ ಬಿಚ್ಚಿ ತಂದರು. ಸಂಜೆ ನಾನು ಬಿಗಿದೆ. ಮರುದಿನ ಅದರ ಮೇಲೆ ಟವೆಲ್ಲು ಒಣಹಾಕಿದ್ದರು. ಟವೆಲ್ಲು ತೆಗೆದೆ. ಕನ್ನಡಿ ಹೋಯಿತು. ಕೊನೆಗೆ ಕನ್ನಡಿಯನ್ನು ಬಿಗಿದು, ನಟ್ಟು ಬಿಚ್ಚುವ ಪಾನಾವನ್ನೇ ಜೋಳದ ಕಣಜದಲ್ಲಿ ಬಚ್ಚಿಟ್ಟೆ.

"ಕನ್ನಡಿ ಇರ್ಬೇಕ್ರಿ ಅತ್ತಿ. ಇಲ್ಲಂದ್ರ ನಾ ಹೊಡೆಯಾಂಗಿಲ್ಲ" ಎಂದೆ.

ಅತ್ತೆ ಬೈಯಲಿಲ್ಲ, ಬಾಗಿಲು ಬಡಿಯಲಿಲ್ಲ. ಗೋಡೆಯ ಮೇಲೆ ಕನ್ನಡಿ ಇದ್ದ ಜಾಗ ಬೆಳ್ಳಗೆ ಕಾಣುತ್ತಿತ್ತು. ಬೆಳಿಗ್ಗೆ ಅಲ್ಲಿಗೆ ಹೋಗಿ ನಿಂತು, ಬರೀ ಗೋಡೆ ನೋಡುತ್ತ ವಿಭೂತಿ ಹಚ್ಚಿಕೊಂಡರು. ಗೆದ್ದವಳು ನಾನು. ಆದರೆ ಆ ಮನೆಯಲ್ಲಿ ಅಷ್ಟು ಸದ್ದಿಲ್ಲದ ದಿನಗಳನ್ನು ನಾನು ಎಂದೂ ಕಂಡಿರಲಿಲ್ಲ.

ಮೊದಲ ಕಬ್ಬಿನ ಗಾಡಿ ಹೊರಡುವ ಬೆಳಿಗ್ಗೆ ಬಂತು. ಲಾರಿ ತುಂಬಿ ಅಂಗಳದಲ್ಲಿ ನಿಂತಿತ್ತು. ಗಂಡ ರಜೆ ಹಾಕಿ ಬಂದು ತೆಂಗಿನಕಾಯಿ ಒಡೆದು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟು, ತಾವು ಮಾತ್ರ ಬಸ್ಸಿಗೆ ಹೋಗುವುದಾಗಿ ಹೇಳಿ ಸುರಕ್ಷಿತ ಅಂತರದಲ್ಲಿ ನಿಂತರು. ನಾನು ಹತ್ತಿ ಇಂಜಿನ್ನು ಚಾಲು ಮಾಡಿದೆ. ಗಾಳಿ ತುಂಬತೊಡಗಿತು. ಎಡಗಡೆ ನೋಡಿದೆ. ಸೀಟು ಖಾಲಿ. ಅತ್ತೆ ಕಟ್ಟೆಯ ಮೇಲೆ ಕೂತಿದ್ದರು, ಬುತ್ತಿಯ ಡಬ್ಬಿ ಮಡಿಲಲ್ಲಿತ್ತು.

ನನಗೆ ಮತ್ತೆ ರೇಗಿತು. ಇವರ ಹಟಕ್ಕೆ ನಾನು ಬೇಸಿಗೆಯೆಲ್ಲ ಬೆಂದೆ, ತೋಳು ಮುರಿದುಕೊಂಡೆ, ಊರಿನವರಿಂದ ಅನ್ನಿಸಿಕೊಂಡೆ. ಈಗ ಒಂದು ಕನ್ನಡಿಯ ಸಲುವಾಗಿ ಇವರು ಮುನಿಸಿಕೊಂಡು ಕೂಡುವುದೇ? ಇಂಜಿನ್ನು ಚಾಲೂ ಇಟ್ಟು ಕೆಳಗಿಳಿದು ಹೋದೆ.

"ಅತ್ತಿ, ಆ ಕನ್ನಡಿ ಮ್ಯಾಲ ನಿಮಗ ಯಾಕಿಷ್ಟು ಸಿಟ್ಟು? ಅದೇನು ಪಾಪ ಮಾಡೇದ?"

ಅತ್ತೆ ಮಗ ಎಲ್ಲಿದ್ದಾನೆಂದು ನೋಡಿದರು. ನನ್ನ ಗಂಡ ಲಾರಿಯ ಹಿಂದೆ ಹಗ್ಗ ಎಳೆದು ನೋಡುತ್ತಿದ್ದರು. ಅತ್ತೆ ದನಿ ತಗ್ಗಿಸಿದರು.

"ನಿಮ್ಮ ಮಾವಗ ಎಡಗಣ್ಣು ಕಾಣ್ತಿರ್ಲಿಲ್ಲ ಬೇ."

ನನಗೆ ತಕ್ಷಣ ತಿಳಿಯಲಿಲ್ಲ.

"ಇವ ಇನ್ನ ಕೂಸಿದ್ದ. ರಾಶಿ ಮಾಡೂಮುಂದ ತೊಗರಿ ಕಟಗಿ ಚುಚ್ಚಿತ್ತು. ಮ್ಯಾಲ ನೋಡಿದ್ರ ಏನೂ ಗೊತ್ತಾಗ್ತಿರ್ಲಿಲ್ಲ, ಒಳಗ ಪೂರಾ ಕತ್ತಲಿ. ಅವ್ರಿಗಿ ಗಾಡಿ ಹೊಡೆಯೂದು ಬಿಟ್ರ ಬ್ಯಾರೆ ಏನೂ ಬರ್ತಿರ್ಲಿಲ್ಲ. ಮಂದಿಗಿ ಗೊತ್ತಾದ್ರ ಸ್ಟೇರಿಂಗ್ ಮುಟ್ಟಗೊಡ್ತಿದ್ರೇನು? ಎಡಗನ್ನಡಿ ನೋಡಬೇಕಂದ್ರ ಪೂರಾ ಕುತ್ತಿಗಿ ಹೊಳ್ಳಿಸಬೇಕು, ಅಷ್ಟ್ರಾಗ ಮುಂದಿಂದು ತಪ್ತದ. ಅದಕ್ಕ ಬಿಚ್ಚಿ ಮನ್ಯಾಗ ಹಾಕಿದೆ. ನಾ ಹತ್ತಿ ಕುಂತೆ."

ತಪ್ಪಲ್ಲವೇನ್ರಿ ಎಂದು ನನ್ನ ಬಾಯಿಗೆ ಬಂದಿತ್ತು. ತಪ್ಪೇ. ಆದರೆ ಆಗ ನನ್ನ ಕಣ್ಣ ಮುಂದೆ ಬಂದದ್ದು ತಾಟಿನ ಎಡಕ್ಕೆ ನಾನಿಟ್ಟ ಮಜ್ಜಿಗೆಯ ವಾಟಗ. ಮಾವ ನಗುತ್ತ ಒರೆಸಿಕೊಳ್ಳುತ್ತಿದ್ದ ಧೋತರ. ಊರೆಲ್ಲ ಕ್ಲೀನರ್ ಎಂದು ನಗುವಾಗ ಈ ಹೆಂಗಸು ನಿಜ ಕಾರಣ ಹೇಳದೆ ಬರೀ ಬೈಗುಳ ಹೇಳಿ ಬಾಯಿ ಮುಚ್ಚಿಸಿದ್ದರು.

"ನಿನಗ ಎರಡೂ ಕಣ್ಣು ಕಾಣ್ತಾವ" ಎಂದರು ಅತ್ತೆ. "ಕನ್ನಡೀನೂ ಬಂತು. ಅದು ಇರಬೇಕು, ನೀ ಅಂದದ್ದು ಖರೇ ಅದ. ಆದ್ರ ನನಗ ಬರೂದು ಅದೊಂ‍ದೇ ಕೆಲಸ ಬೇ. ಇನ್ನ ನಾ ಅಲ್ಲಿ ಕುಂತು ಏನ್ ಮಾಡ್ಲಿ? ನೀ ಹೋಗು."

ಬುತ್ತಿಯ ಡಬ್ಬಿಯನ್ನು ನನ್ನ ಮುಂದೆ ಹಿಡಿದರು. ಹಿಂದೆ ಲಾರಿಯ ಗಾಳಿ ತುಂಬಿ ಸ್ಸ್ ಎಂದಿತು. ನಾನು ಡಬ್ಬಿ ತೆಗೆದುಕೊಳ್ಳಲಿಲ್ಲ. ನನಗೆ ಸಮಾಧಾನದ ಮಾತು ಆಡಲು ಬರುವುದಿಲ್ಲ, ಸಿಟ್ಟು ಮಾಡಲು ಬರುತ್ತದೆ.

"ಏಳ್ರಿ ಅತ್ತಿ, ಹೊತ್ತಾಗಾಕತ್ತದ. ಗಾಡಿ ಹತ್ರಿ" ಎಂದೆ.

ಹತ್ತಿದರು. ಕೌದಿ ಸರಿ ಮಾಡಿಕೊಂಡು ಕೂತರು. ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು, ಬಸ್ಸಿನಲ್ಲಿ ಹೋಗುವವರ ಹಾಗೆ ಮುಂದೆ ನೋಡುತ್ತ ಕೂತರು. ನಾನು ನಿಧಾನ ಅಂಗಳ ದಾಟಿ, ಓಣಿಯ ಬಾಯಿಗೆ ಬಂದು, ದೊಡ್ಡ ರಸ್ತೆಗೆ ಹತ್ತುವ ಮುನ್ನ ನಿಲ್ಲಿಸಿದೆ. ಎಡಗನ್ನಡಿಯಲ್ಲಿ ಎಲ್ಲವೂ ಕಾಣುತ್ತಿತ್ತು. ಹೊರಗೆ ಚಾಚಿದ ಕಬ್ಬಿನ ಸೋಗೆ, ಬೆಳಗಿನ ಬಿಸಿಲು, ಖಾಲಿ ರಸ್ತೆ. ಒಂದು ಕೋಳಿ ಕೂಡ ಇರಲಿಲ್ಲ.

ನಾನು ಕನ್ನಡಿಯಿಂದ ಕಣ್ಣು ತೆಗೆದೆ.

"ಅತ್ತಿ, ಎಡಕ್ಕ ನೋಡ್ರಿ. ಏನರ ಬರಾಕತ್ತದೇನು?"

ಅವರು ಒಮ್ಮೆ ನನ್ನ ಮುಖ ನೋಡಿದರು. ಆಮೇಲೆ ಸೆರಗು ಬಿಗಿದು ಸಿಕ್ಕಿಸಿಕೊಂಡು, ಕಿಟಕಿಯಿಂದ ತಲೆ ಹೊರಗೆ ಹಾಕಿದರು. ಖಾಲಿ ರಸ್ತೆಯನ್ನು ಬಹಳ ಹೊತ್ತು, ಬಹಳ ಜೋಪಾನವಾಗಿ ನೋಡಿದರು. ನಾನು ಕಾಯುತ್ತ ಕೂತೆ. ಬಾಗಿಲಿನ ತಗಡಿನ ಮೇಲೆ ಎರಡು ಏಟು ಬಿದ್ದ ಮೇಲೆಯೇ ಗೇರು ಹಾಕಿದೆ.